ಅತಿಥಿಯಾಗಿ ಹೋಗುವುದನ್ನು ಕಲಿಯುವುದು: ಸಭೆಯ ಹೊರಗಿನವರೊಡನೆ ನಂಟು ಬೆಳೆಸಲು ಒಂದು ಕೈಪಿಡಿ

ಕರ್ನಾಟಕದ ಕ್ರೈಸ್ತ ಸಭೆಗಳಿಗೆ ಸುತ್ತಲಿನ ಜನರಿಗೆ ಕೊಡುವುದು ಹೇಗೆಂಬುದು ಚೆನ್ನಾಗಿ ಗೊತ್ತಿದೆ. 1880ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಯೇಸುಸಭೆಯ (ಜೆಸ್ವಿಟ್) ಗುರು ಅಗಸ್ಟಸ್ ಮುಲ್ಲರ್ ಬಡವರಿಗಾಗಿ ತೆರೆದ ಹೋಮಿಯೋಪಥಿ ಔಷಧಾಲಯವು ಇಂದು ಎಲ್ಲ ಧರ್ಮದವರೂ ಚಿಕಿತ್ಸೆಗೆ ಬರುವ ದೊಡ್ಡ ಆಸ್ಪತ್ರೆಯಾಗಿ ನಿಂತಿದೆ. ಮಿಶನ್ ಶಾಲೆಗಳಲ್ಲಿ ಓದಿ ಬೆಳೆದ ಹಿಂದೂ, ಮುಸ್ಲಿಂ, ಜೈನ ಕುಟುಂಬಗಳ ಎಷ್ಟೋ ತಲೆಮಾರುಗಳು ನಾಡಿನಾದ್ಯಂತ ಇವೆ. ಆದರೂ ಅಂಥ ಶಾಲೆಯಲ್ಲಿ ಹತ್ತು ವರ್ಷ ಕಲಿತವರು ಪಕ್ಕದ ದೇವಾಲಯದೊಳಗೆ, ಅಂದರೆ ಚರ್ಚಿನೊಳಗೆ, ಏನು ನಡೆಯುತ್ತದೆಂದು ತಿಳಿಯದೆಯೇ ಹೊರಬೀಳುತ್ತಾರೆ, ಸಭೆಯವರೂ ಆ ಮಕ್ಕಳ ಮನೆಯ ಹೊಸಿಲನ್ನು ತುಳಿದಿರುವುದಿಲ್ಲ. ಸೇವೆ ಧಾರಾಳವಾಗಿ ನಡೆದಿದೆ, ನಂಟು ಅಷ್ಟಾಗಿ ಬೆಳೆದಿಲ್ಲ. ಸದಾ ಕೊಡುವ ಸ್ಥಾನದಲ್ಲೇ ಇದ್ದು, ನೆರೆಯವರಿಂದ ಏನನ್ನಾದರೂ ಕೇಳಿ ಪಡೆಯುವ ಸ್ಥಾನಕ್ಕೆ ನಾವು ಇಳಿಯದಿರುವುದೇ ಇದಕ್ಕೆ ಮುಖ್ಯ ಕಾರಣವೆಂದು ನಾನು ದೃಢವಾಗಿ ನಂಬಿದ್ದೇನೆ. ಸಭಾಪಾಲಕರು, ಧರ್ಮಕೇಂದ್ರಗಳ ಪಾಲನಾ ಪರಿಷತ್ತಿನವರು, ಸಭಾ ಕಮಿಟಿಗಳು, ಯುವಜನ ಸಂಘಗಳು ಕೈಗೊಳ್ಳಬಹುದಾದ ಕೆಲವು ಕೆಲಸಗಳನ್ನು ಆ ನಂಬಿಕೆಯಿಂದಲೇ ಇಲ್ಲಿ ಬರೆಯುತ್ತಿದ್ದೇನೆ.

ಇದು ಹೊಸದಾಗಿ ಹುಟ್ಟಿದ ಯೋಚನೆಯೇನೂ ಅಲ್ಲ. ಯೋಹಾನನ ಸುವಾರ್ತೆಯಲ್ಲಿ ಯೇಸು ಸಮಾರ್ಯದ ಸ್ತ್ರೀಯೊಡನೆ ಮಾತು ತೆಗೆಯುವುದು ಬಾವಿಯ ಬಳಿ ಕುಡಿಯಲು ನೀರು ಕೇಳುವ ಮೂಲಕ. ಲೂಕನ ಸುವಾರ್ತೆಯ ಹತ್ತನೆಯ ಅಧ್ಯಾಯದಲ್ಲಿ ಶಿಷ್ಯರನ್ನು ಊರೂರಿಗೆ ಕಳುಹಿಸುವಾಗ ಹಣದ ಚೀಲವನ್ನು ಒಯ್ಯಬೇಡಿರೆಂದೂ, ಸೇರಿಸಿಕೊಂಡ ಮನೆಯಲ್ಲೇ ಇದ್ದು ಅವರು ಬಡಿಸಿದ್ದನ್ನು ಉಣ್ಣಿರೆಂದೂ ಹೇಳಲಾಗಿದೆ. ಪರರ ಅನ್ನ ಉಣ್ಣಬೇಕಾದವರು ಆ ಮನೆಯವರ ಮೇಲೆ ದೊಡ್ಡಸ್ತಿಕೆ ತೋರಲಾರರು. ಕಮಿಟಿಯ ಮೊದಲ ಸಭೆಯಲ್ಲಿ ಬೇರೆ ಯಾವ ಯೋಜನೆಯನ್ನೂ ಎತ್ತದೆ ಈ ಎರಡು ಭಾಗಗಳನ್ನು ಓದಿ, ಕಳೆದ ವರ್ಷ ನಮ್ಮ ಸಭೆಯು ಹೊರಗಿನವರಿಂದ ಏನು ಪಡೆಯಿತು ಎಂಬ ಒಂದೇ ಪ್ರಶ್ನೆಯನ್ನು ಚರ್ಚಿಸಿರಿ. ಉತ್ತರ ಬೇಗ ಹೊಳೆಯದಿದ್ದರೆ ಕೆಲಸ ಎಲ್ಲಿಂದ ಶುರುವಾಗಬೇಕೆಂಬುದು ಎಲ್ಲರಿಗೂ ಮನದಟ್ಟಾಗುತ್ತದೆ.

ಕಂಪೌಂಡಿನ ಚರಿತ್ರೆಯನ್ನು ತಿಳಿಯಿರಿ

ನಮ್ಮ ಇಂದಿನ ದೂರಕ್ಕೆ ಚರಿತ್ರೆಯಲ್ಲಿ ಕಾರಣಗಳಿವೆ. 1834ರಲ್ಲಿ ಸ್ವಿಟ್ಜರ್ಲೆಂಡಿನ ಧರ್ಮಪ್ರಚಾರ ಸಂಸ್ಥೆಯಾದ ಬಾಸೆಲ್ ಮಿಶನ್ನಿನ ಮೂವರು ಮಂಗಳೂರಿಗೆ ಬಂದಿಳಿದ ಮೇಲೆ ಅವರ ಮಾತಿಗೆ ಒಲಿದು ದೀಕ್ಷಾಸ್ನಾನ ಪಡೆದ ಅನೇಕರು ತಮ್ಮ ಜಾತಿಯನ್ನು ಮಾತ್ರವಲ್ಲ, ಮನೆ, ಗೇಣಿಯ ಹೊಲ, ಕುಲಕಸುಬುಗಳನ್ನೂ ಕಳೆದುಕೊಂಡರು. ಅವರನ್ನು ಉಳಿಸಿಕೊಳ್ಳಲು ಮಿಶನ್ ತನ್ನ ಜಾಗದಲ್ಲೇ ಮನೆಗಳನ್ನು ಕಟ್ಟಿಸಿತು, ನೇಯ್ಗೆಯನ್ನು ಕಲಿಸಿತು, 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ಆರಂಭಿಸಿತು. ಹಸಿದವರಿಗೆ ಅದು ಬದುಕನ್ನು ಕೊಟ್ಟಿತು. ಆದರೆ ಮನೆ, ಕೆಲಸ, ಶಾಲೆ, ಆರಾಧನೆ, ಸ್ಮಶಾನ ಎಲ್ಲವೂ ಒಂದೇ ಕಂಪೌಂಡಿನೊಳಗೆ ಸೇರಿದ್ದರಿಂದ ಹೊರಗಿನವರೊಡನೆ ದಿನನಿತ್ಯ ಬೆರೆಯುವ ಅಗತ್ಯವೇ ಕಡಿಮೆಯಾಯಿತು. ಕಾರ್ಖಾನೆಗಳು ಮುಚ್ಚಿದರೂ ಆ ರೂಢಿ ಮುಂದುವರಿದಿದೆ.

ಅದೇ ಮಿಶನ್ನಿನಲ್ಲಿ ಇನ್ನೊಂದು ದಾರಿಯನ್ನೂ ಕಾಣಬಹುದು. ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು ಕನ್ನಡದ ಮೊದಲ ಪತ್ರಿಕೆಯಾದ ‘ಮಂಗಳೂರ ಸಮಾಚಾರ’ವನ್ನು ಹೊರತಂದರು, ದಾಸರ ಪದಗಳನ್ನೂ ಹಳೆಯ ಕನ್ನಡ ಕಾವ್ಯಗಳನ್ನೂ ಸಂಗ್ರಹಿಸಿ ಅಚ್ಚು ಹಾಕಿಸಿದರು. ಫರ್ಡಿನಾಂಡ್ ಕಿಟೆಲ್ ದಶಕಗಳ ಕಾಲ ಇಲ್ಲಿನ ವಿದ್ವಾಂಸರ ಬಳಿ ಕುಳಿತು ಕೇಳಿ ಕಲಿತದ್ದರ ಫಲವಾಗಿ 1894ರಲ್ಲಿ ಕನ್ನಡ–ಇಂಗ್ಲಿಷ್ ನಿಘಂಟು ಪ್ರಕಟವಾಯಿತು. ಧರ್ಮಪ್ರಚಾರಕ್ಕೆಂದೇ ಅವರು ಬಂದವರು ಎಂಬುದನ್ನು ಮರೆಮಾಚಬೇಕಾಗಿಲ್ಲ. ಆದರೂ ಕನ್ನಡಿಗರು ಅವರನ್ನು ಇಂದಿಗೂ ಆದರದಿಂದ ನೆನೆಯುವುದು ಅವರು ಈ ನಾಡಿನಿಂದ ಕಲಿಯಲು ತೋರಿದ ಶ್ರದ್ಧೆಗಾಗಿ. ನಿಮ್ಮ ಸಭೆಗೂ ಇಂಥದೇ ಒಂದು ಸ್ಥಳೀಯ ಚರಿತ್ರೆ ಇರುತ್ತದೆ. ಸಭೆಯ ಹಿರಿಯರನ್ನು ಕೂರಿಸಿಕೊಂಡು ಈ ಜಾಗ ಯಾರಿಂದ ಬಂತು, ಗೋಡೆ ಕಟ್ಟಿದ ಮೇಸ್ತ್ರಿಗಳು ಯಾರು, ಕಷ್ಟಕಾಲದಲ್ಲಿ ಊರಿನ ಯಾವ ಮನೆತನ ನಿಮ್ಮವರ ಜೊತೆಗೆ ನಿಂತಿತು ಎಂದು ಕೇಳಿ ಬರೆದಿಟ್ಟುಕೊಳ್ಳಿರಿ. ಆ ಹೆಸರುಗಳಲ್ಲಿ ಕ್ರೈಸ್ತರಲ್ಲದವರು ಸಿಕ್ಕರೆ ಅವರ ಮಕ್ಕಳನ್ನೂ ಮೊಮ್ಮಕ್ಕಳನ್ನೂ ಹುಡುಕಿ ಹೋಗಿ, ತಡವಾಗಿಯಾದರೂ ಕೃತಜ್ಞತೆ ತಿಳಿಸುವುದು ಮೊದಲ ಭೇಟಿಗೆ ಅತ್ಯುತ್ತಮ ಕಾರಣವಾಗುತ್ತದೆ.

ಮೊದಲು ತೊಂದರೆ ನಿಲ್ಲಿಸಿ, ಆಮೇಲೆ ಭೇಟಿಗೆ ಹೋಗಿ

ದೇವಾಲಯದ ಸುತ್ತ ಅರ್ಧ ಕಿಲೋಮೀಟರಿನೊಳಗೆ ಯಾರ ಮನೆಗಳಿವೆ, ಯಾವ ಅಂಗಡಿಗಳಿವೆ, ಯಾವ ಗುಡಿ, ಮಸೀದಿ, ಅಂಗನವಾಡಿಗಳಿವೆ ಎಂದು ನಡೆದು ನೋಡಿ ಗುರುತು ಮಾಡಿಕೊಳ್ಳಿರಿ. ಭಾನುವಾರ ಬೆಳಿಗ್ಗೆ ನಿಮ್ಮವರ ಕಾರು, ಸ್ಕೂಟರುಗಳು ಯಾರ ಗೇಟಿಗೆ ಅಡ್ಡ ನಿಲ್ಲುತ್ತವೆ, ಉಪವಾಸ ಪ್ರಾರ್ಥನೆಯ ಧ್ವನಿವರ್ಧಕ ಯಾರ ಕಿಟಕಿಯ ಕಡೆಗೆ ತಿರುಗಿದೆ ಎಂಬುದನ್ನೂ ಗಮನಿಸಿರಿ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ, ವಸತಿ ಪ್ರದೇಶದಲ್ಲಿ ಹಗಲಿನ ಮಿತಿ 55 ಡೆಸಿಬೆಲ್. ಬೇರೆಯವರು ಮೀರುತ್ತಾರೆಂಬುದು ನಮಗೆ ನೆಪವಾಗಬಾರದು. ನಿದ್ದೆಗೆಟ್ಟ ನೆರೆಯವರಿಗೆ ಕ್ರಿಸ್ಮಸ್ ಕೇಕು ಕೊಟ್ಟು ಬಂದ ಮಾತ್ರಕ್ಕೆ ನಂಟು ಬೆಳೆಯುವುದಿಲ್ಲ.

ಬೆಂಗಳೂರಿನಂಥ ನಗರಗಳಲ್ಲಿ ಇಂಗ್ಲಿಷ್, ತಮಿಳು, ಮಲಯಾಳಂ, ಕೊಂಕಣಿಯಲ್ಲಿ ಆರಾಧಿಸುವ ಸಭೆಗಳು ಹೊರಗಿನ ಫಲಕವನ್ನೂ ಪ್ರಕಟಣೆಗಳನ್ನೂ ಕನ್ನಡದಲ್ಲಿ ಬರೆಯಿಸಬೇಕು, ದಾರಿಹೋಕರು ವಿಚಾರಿಸಿದರೆ ಕನ್ನಡದಲ್ಲಿ ಉತ್ತರ ಹೇಳಬಲ್ಲವರೊಬ್ಬರು ಬಾಗಿಲಲ್ಲಿ ಇರಬೇಕು.

ಭೇಟಿಗೆ ಹೋಗುವಾಗ ನಿಲುವಂಗಿ ತೊಟ್ಟ ಗುರುಗಳನ್ನು ಮುಂದಿಟ್ಟುಕೊಂಡು ಗುಂಪಾಗಿ ಹೋಗಬೇಡಿರಿ. ಆ ಬೀದಿಯಲ್ಲೇ ವಾಸಿಸುವ ಇಬ್ಬರು ಸಾಕು, ಅವರಲ್ಲಿ ಒಬ್ಬರಾದರೂ ಮಹಿಳೆಯಾಗಿದ್ದರೆ ಒಳ್ಳೆಯದು. ಕೈಯಲ್ಲಿ ಕರಪತ್ರ, ಕಾಣಿಕೆ ಏನೂ ಇರದಿರಲಿ. “ನಿಮ್ಮಿಂದ ಒಂದು ಸಹಾಯ ಬೇಕಿತ್ತು” ಎಂದು ಮಾತು ತೆಗೆಯಿರಿ, ಮತ್ತು ಆ ಸಹಾಯ ನಿಜವಾಗಿಯೂ ನಿಮಗೆ ಬೇಕಾದದ್ದೇ ಆಗಿರಲಿ. ಬಾವಿಯ ನೀರು ಬತ್ತಿದ್ದರೆ ಹಳಬ ರೈತರ ಸಲಹೆಯನ್ನು ಕೇಳಿ, ಸಂಡೇ ಸ್ಕೂಲಿನ ಮಕ್ಕಳಿಗೆ ಊರಿನ ಕಥೆ ಹೇಳಲು ನಿವೃತ್ತ ಮೇಷ್ಟ್ರನ್ನು ಕರೆಯಿರಿ, ಕನ್ನಡ ಗೀತೆಗಳಿಗೆ ತಬಲಾ ನುಡಿಸುವುದನ್ನು ಯುವಕರಿಗೆ ಕಲಿಸಲು ಪಕ್ಕದ ಬೀದಿಯ ಕಲಾವಿದರನ್ನು ವಿನಂತಿಸಿ. ಕೆರೆ ಸ್ವಚ್ಛತೆಗೋ ಶಾಲಾಭಿವೃದ್ಧಿಗೋ ಊರಿನವರು ಮೊದಲೇ ಸೇರಿದ್ದರೆ ಸಭೆಯ ಬ್ಯಾನರು ಹಿಡಿಯದೆ, ಅವರು ಹೇಳಿದ ಕೆಲಸವನ್ನು ಅವರ ಮುಂದಾಳತ್ವದಲ್ಲೇ ಮಾಡಿ ಬನ್ನಿರಿ. ಸ್ವಂತ ಶಿಬಿರ ನಡೆಸುವುದಕ್ಕಿಂತ ಇದು ಕಷ್ಟ, ಏಕೆಂದರೆ ಇಲ್ಲಿ ಹೆಸರು ಬರುವುದಿಲ್ಲ. ಅದಕ್ಕಾಗಿಯೇ ಇದು ಹೆಚ್ಚು ಫಲ ಕೊಡುತ್ತದೆ.

ಉದ್ದೇಶವನ್ನು ಬಿಚ್ಚಿ ಹೇಳಿರಿ

ನಮ್ಮ ಸ್ನೇಹದ ಹಿಂದೆ ಮತಾಂತರದ ಲೆಕ್ಕಾಚಾರವಿದೆಯೇ ಎಂಬ ಸಂಶಯ ಇಂದು ಅನೇಕರಲ್ಲಿದೆ, ಮತ್ತು ಆ ಸಂಶಯವನ್ನು ದ್ವೇಷವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಸಂವಿಧಾನದ 25ನೆಯ ವಿಧಿಯು ಧರ್ಮವನ್ನು ಆಚರಿಸುವುದರೊಂದಿಗೆ ಪ್ರಸಾರ ಮಾಡುವ ಸ್ವಾತಂತ್ರ್ಯವನ್ನೂ ಕೊಟ್ಟಿದೆ. ಆದರೆ ಇನ್ನೊಬ್ಬರನ್ನು ಮತಾಂತರಿಸುವ ಹಕ್ಕು ಅದರಲ್ಲಿ ಅಡಕವಾಗಿಲ್ಲವೆಂದು 1977ರಲ್ಲಿ ಸ್ಟ್ಯಾನಿಸ್ಲಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2022ರಲ್ಲಿ ಕರ್ನಾಟಕವು ತಂದ ಮತಾಂತರ ನಿಯಂತ್ರಣ ಕಾಯಿದೆಯು ಉಡುಗೊರೆ, ಉದ್ಯೋಗ, ಧಾರ್ಮಿಕ ಸಂಸ್ಥೆಯ ಶಾಲೆಯಲ್ಲಿ ಉಚಿತ ಶಿಕ್ಷಣ ಮುಂತಾದವನ್ನು ಆಮಿಷದ ವ್ಯಾಖ್ಯೆಯೊಳಗೆ ಸೇರಿಸಿತು. ಅದನ್ನು ಹಿಂತೆಗೆಯಲು 2023ರ ಜೂನ್‌ನಲ್ಲಿ ಸಚಿವ ಸಂಪುಟ ತೀರ್ಮಾನಿಸಿತು. ಕಾನೂನಿನ ಇಂದಿನ ಸ್ಥಿತಿಯನ್ನು ವಕೀಲರಿಂದ ತಿಳಿದುಕೊಳ್ಳಿರಿ. ಆದರೆ ಕಾನೂನಿನ ಭಯಕ್ಕಿಂತ ಮೊದಲೇ ನಮ್ಮದೇ ನೀತಿಯೊಂದಿದೆ: ಜಾಗತಿಕ ಸಭೆಗಳ ಒಕ್ಕೂಟ, ವ್ಯಾಟಿಕನ್ನಿನ ಅಂತರಧರ್ಮೀಯ ಸಂವಾದ ಪರಿಷತ್ತು ಮತ್ತು ಇವಾಂಜೆಲಿಕಲ್ ಸಭೆಗಳ ಜಾಗತಿಕ ಒಕ್ಕೂಟ ಈ ಮೂರೂ 2011ರಲ್ಲಿ ಒಂದಾಗಿ ಹೊರಡಿಸಿದ ಮಾರ್ಗಸೂಚಿಯು ಬಡವರ ಕೊರತೆಯನ್ನು ಬಳಸಿಕೊಂಡು ಆಮಿಷ ಒಡ್ಡುವುದನ್ನು ಸ್ಪಷ್ಟವಾಗಿ ನಿರಾಕರಿಸುತ್ತದೆ.

ಇದನ್ನು ಆಚರಣೆಗೆ ತರುವುದು ಹೀಗೆ. ಅಕ್ಕಿ, ಔಷಧಿ, ಶಾಲಾ ಶುಲ್ಕ ಯಾವುದನ್ನು ಕೊಡುವಾಗಲೂ ಅದರ ಜೊತೆಗೆ ಕರಪತ್ರವನ್ನಾಗಲಿ ಪ್ರಾರ್ಥನಾ ಕೂಟದ ಆಹ್ವಾನವನ್ನಾಗಲಿ ಇಡುವುದಿಲ್ಲವೆಂದು ಕಮಿಟಿಯಲ್ಲಿ ನಿರ್ಣಯ ಮಾಡಿ ನಡಾವಳಿ ಪುಸ್ತಕದಲ್ಲಿ ದಾಖಲಿಸಿರಿ. ಸಹಾಯ ಪಡೆದವರ ಫೋಟೋ ತೆಗೆದು ಹಂಚಬೇಡಿರಿ. ರೋಗಿಯ ಹಾಸಿಗೆಯ ಬಳಿ ಪ್ರಾರ್ಥಿಸುವ ಮೊದಲು ಅನುಮತಿ ಕೇಳಿರಿ, ಬೇಡವೆಂದರೆ ಮುಖ ಸಣ್ಣದು ಮಾಡಿಕೊಳ್ಳದೆ ಕುಶಲ ವಿಚಾರಿಸಿ ಬನ್ನಿರಿ. ಪರಧರ್ಮದ ದೇವರುಗಳನ್ನು ಹೀಯಾಳಿಸುವ ಮಾತು ವೇದಿಕೆಯ ಮೇಲಿನಿಂದ ಬಂದರೆ ಅದು ಯಾವ ದೊಡ್ಡ ಪ್ರಸಂಗಿಯದಾದರೂ ಸರಿ, ಅವರನ್ನು ಮತ್ತೆ ಕರೆಸಬಾರದು.

ಹಾಗೆಂದು ನಂಬಿಕೆಯನ್ನು ಮುಚ್ಚಿಡಬೇಕಾಗಿಲ್ಲ. ಸ್ನೇಹಿತರೇ ಮುಂದಾಗಿ ಯೇಸುವಿನ ವಿಷಯ ಕೇಳಿದರೆ ನಿಮಗೆ ತಿಳಿದಷ್ಟನ್ನು ನೇರವಾಗಿ, ವಿನಯದಿಂದ ಹೇಳಿರಿ, ಆಮೇಲೆ ಅವರು ನಂಬಿರುವುದೇನೆಂದು ಅಷ್ಟೇ ಗಮನವಿಟ್ಟು ಕೇಳಿರಿ. ಯಾರಾದರೂ ಸಭೆಗೆ ಸೇರಬೇಕೆಂದು ಬಂದಾಗ ಅವಸರ ಮಾಡದೆ, ಅವರ ಮನೆಯವರ ನೋವನ್ನೂ ಲೆಕ್ಕಕ್ಕೆ ತೆಗೆದುಕೊಂಡು, ಯೋಚಿಸಲು ಸಾಕಷ್ಟು ಕಾಲಾವಕಾಶ ಕೊಡಬೇಕು.

ಊಟ, ಪ್ರಸಾದ, ಸಾವಿನ ಮನೆ

ಕರಾವಳಿಯ ಕ್ಯಾಥೋಲಿಕರು ಸೆಪ್ಟೆಂಬರ್ 8ರಂದು ಮೊಂತಿ ಹಬ್ಬದಲ್ಲಿ ಹೊಸ ತೆನೆಯನ್ನು ಆಶೀರ್ವದಿಸಿ ಮನೆಗೆ ಒಯ್ಯುತ್ತಾರೆ. ಅವರ ತುಳು ನೆರೆಯವರು ಪುದ್ವಾರ್ ಎಂದು, ಕೊಡವರು ಪುತ್ತರಿ ಎಂದು ತಮ್ಮ ತಮ್ಮ ಕಾಲದಲ್ಲಿ ಹೊಸ ಬೆಳೆಯನ್ನು ಮನೆ ತುಂಬಿಸಿಕೊಳ್ಳುತ್ತಾರೆ. ಇಂಥ ಹಬ್ಬಗಳಲ್ಲಿ ಪರಸ್ಪರ ಕರೆಯುವುದಕ್ಕೆ ವಿಶೇಷ ಏರ್ಪಾಡೇನೂ ಬೇಡ. ಆದರೆ ನಾವು ಕ್ರಿಸ್ಮಸ್‌ಗೆ ಕುಸ್ವಾರ್ (ಹಬ್ಬದ ಸಿಹಿತಿಂಡಿಗಳು) ಕಳುಹಿಸುವಷ್ಟು ಸಲೀಸಾಗಿ ಅವರ ಹಬ್ಬದ ಮನೆಗೆ ಹೋಗಿ ಉಣ್ಣುತ್ತೇವೆಯೇ ಎಂದು ಕೇಳಿಕೊಳ್ಳಬೇಕು.

ಇಲ್ಲಿ ಪ್ರಸಾದದ ಪ್ರಶ್ನೆ ಬರುತ್ತದೆ, ಮತ್ತು ಅದನ್ನು ಮರೆಸಿ ಮುಂದೆ ಹೋಗಲು ಸಾಧ್ಯವಿಲ್ಲ. ವಿಗ್ರಹಕ್ಕೆ ಅರ್ಪಿಸಿದ ಆಹಾರದ ಬಗ್ಗೆ ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರದ ಎಂಟರಿಂದ ಹತ್ತನೆಯ ಅಧ್ಯಾಯಗಳಲ್ಲಿ ದೀರ್ಘವಾಗಿ ಚರ್ಚಿಸಿದ್ದಾನೆ. ಅದನ್ನು ಓದಿಯೂ ನಮ್ಮಲ್ಲಿ ಕೆಲವರು ಸ್ವೀಕರಿಸುತ್ತಾರೆ, ಕೆಲವರು ಸ್ವೀಕರಿಸುವುದಿಲ್ಲ. ಸ್ನೇಹದಿಂದ ಕೊಟ್ಟದ್ದನ್ನು ಸ್ನೇಹದಿಂದ ತೆಗೆದುಕೊಳ್ಳಬಹುದೆಂಬುದು ನನ್ನ ಅಭಿಪ್ರಾಯ, ಆದರೆ ಇನ್ನೊಬ್ಬರ ಮನಸ್ಸಾಕ್ಷಿಯನ್ನು ಬಲವಂತಪಡಿಸಬಾರದು. ಸಭೆಯೊಳಗೆ ಈ ಚರ್ಚೆ ಮೊದಲೇ ನಡೆದಿರಲಿ. ಸ್ವೀಕರಿಸದವರು ಸುಳ್ಳು ನೆಪ ಹೇಳುವುದಾಗಲಿ, ತೆಗೆದುಕೊಂಡು ಆಮೇಲೆ ಎಸೆಯುವುದಾಗಲಿ ಮಾಡದೆ, ಕೈಮುಗಿದು “ನಮ್ಮ ಪದ್ಧತಿಯಲ್ಲಿ ಇದನ್ನು ತೆಗೆದುಕೊಳ್ಳುವುದಿಲ್ಲ, ಬೇಸರಪಡಬೇಡಿ, ನಿಮ್ಮ ಮನೆಯಲ್ಲಿ ಊಟಕ್ಕೆ ಖಂಡಿತ ಕೂರುತ್ತೇವೆ” ಎಂದು ಹೇಳಲಿ. ತಾವೂ ನಿಷ್ಠೆಯಿಂದ ಆಚಾರ ಪಾಲಿಸುವ ಮನೆಗಳವರಿಗೆ ಈ ಮಾತು ಅರ್ಥವಾಗುತ್ತದೆ.

ನಮ್ಮ ಬಾಗಿಲಿಗೆ ಬರುವವರ ವಿಷಯದಲ್ಲೂ ಇಷ್ಟೇ ಎಚ್ಚರ ಬೇಕು. ಅತ್ತೂರಿನ ಸಂತ ಲಾರೆನ್ಸರ ಜಾತ್ರೆಗೂ ಬೆಂಗಳೂರಿನ ಶಿವಾಜಿನಗರದ ಸಂತ ಮೇರಿಯಮ್ಮನ ಹಬ್ಬಕ್ಕೂ ಎಲ್ಲ ಧರ್ಮದವರು ಹರಕೆ ಹೊತ್ತು ಬರುತ್ತಾರೆ. ಸಣ್ಣ ಊರಿನ ದೇವಾಲಯಗಳಿಗೂ ಮದುವೆ, ಅಂತ್ಯಕ್ರಿಯೆಗಳಿಗೆಂದು ಬರುವವರಿದ್ದಾರೆ. ಪೂಜೆಯಲ್ಲಿ ಸಭೆಯವರಿಗೆ ಮಾತ್ರ ಕೊಡುವ ಪರಮಪ್ರಸಾದದ ಸಾಲಿನಲ್ಲಿ ತಿಳಿಯದೆ ನಿಂತು, ಎಲ್ಲರೆದುರಿಗೆ ನಿರಾಕರಿಸಲ್ಪಟ್ಟ ಅತಿಥಿ ಆ ಅವಮಾನವನ್ನು ಬಹುಕಾಲ ಮರೆಯುವುದಿಲ್ಲ. ಪೂಜೆಯ ಆರಂಭದಲ್ಲೇ ಸರಳ ಕನ್ನಡದಲ್ಲಿ ಕ್ರಮವನ್ನು ವಿವರಿಸಿ, ಬಯಸುವವರು ಎದೆಯ ಮೇಲೆ ಕೈ ಕಟ್ಟಿ ಬಂದು ಆಶೀರ್ವಾದ ಪಡೆಯಬಹುದೆಂದು ತಿಳಿಸಿದರೆ ಯಾರಿಗೂ ಮುಜುಗರವಾಗುವುದಿಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು ಸಾವಿನ ಮನೆ. ಸುದ್ದಿ ತಿಳಿದ ಕೂಡಲೇ ಹೋಗಿ, ಮೌನವಾಗಿ ಕುಳಿತು, ಶಾಮಿಯಾನ, ಕುರ್ಚಿ, ಕುಡಿಯುವ ನೀರಿನಂಥ ಏರ್ಪಾಡಿಗೆ ಕೈಜೋಡಿಸಿರಿ, ಸ್ಮಶಾನದವರೆಗೂ ಜೊತೆಗೆ ನಡೆಯಿರಿ. ಅಲ್ಲಿ ಸುವಾರ್ತೆಯ ಮಾತು ಬೇಡ. ಹದಿಮೂರನೆಯ ದಿನದ ಊಟಕ್ಕೆ ಕರೆದರೆ ತಪ್ಪಿಸಬೇಡಿರಿ.

ಕೆಟ್ಟ ಕಾಲ ಬಂದಾಗ

2008ರ ಸೆಪ್ಟೆಂಬರಿನಲ್ಲಿ ಮಂಗಳೂರಿನಲ್ಲೂ ರಾಜ್ಯದ ಬೇರೆಡೆಗಳಲ್ಲೂ ಪ್ರಾರ್ಥನಾ ಮಂದಿರಗಳ ಮೇಲೆ ದಾಳಿಗಳಾದವು. ಆ ನೋವು ಇನ್ನೂ ಆರಿಲ್ಲ. ನಂಟು ಬೆಳೆಸುವುದನ್ನು ರಕ್ಷಣೆಯ ಉಪಾಯವಾಗಿ ಕಾಣಬಾರದು, ಹಾಗೆ ಕಂಡರೆ ಅದೂ ಒಂದು ಲೆಕ್ಕಾಚಾರವೇ ಆಗುತ್ತದೆ. ಆದರೂ ವದಂತಿ ಹಬ್ಬಿದ ದಿನ ಯಾರಿಗೆ ಫೋನ್ ಮಾಡಬಹುದು ಎಂಬುದು ವರ್ಷಗಟ್ಟಲೆಯ ಒಡನಾಟದಿಂದ ಮಾತ್ರ ನಿರ್ಧಾರವಾಗುತ್ತದೆ. ಗುಡಿಯ ಮೇಲೋ ಮಸೀದಿಯ ಮೇಲೋ ಕಲ್ಲು ಬಿದ್ದಾಗ ಮೊದಲು ಹೋಗಿ ವಿಚಾರಿಸುವವರು ನೀವಾಗಿರಬೇಕು. ಸುಳ್ಳು ಆರೋಪ ಬಂದರೆ ಕಾನೂನಿನ ನೆರವನ್ನು ಸಂಕೋಚವಿಲ್ಲದೆ ಪಡೆಯಿರಿ. ನಿಮ್ಮವರಿಂದಲೇ ತಪ್ಪಾಗಿದ್ದರೆ ಸಮರ್ಥಿಸಿಕೊಳ್ಳಲು ಹೋಗದೆ ಕ್ಷಮೆ ಕೇಳಿ ಸರಿಪಡಿಸಿರಿ.

ಫಲವನ್ನು ಅಳೆಯುವುದು ಮತ್ತು ಕೈದಾಟಿಸುವುದು

2011ರ ಜನಗಣತಿಯಂತೆ ಕರ್ನಾಟಕದಲ್ಲಿ ಕ್ರೈಸ್ತರು ಶೇಕಡಾ 1.87ರಷ್ಟು. ಹೀಗಿರುವಾಗ ನಮ್ಮ ಬದುಕಿನ ಬಹುಪಾಲು ಇತರರ ನಡುವೆಯೇ ಸಾಗುತ್ತದೆ. ಕಚೇರಿ, ಹೊಲ, ಆಟೋ ಸ್ಟ್ಯಾಂಡ್, ಸ್ವಸಹಾಯ ಸಂಘಗಳಲ್ಲಿ ಸದಸ್ಯರಿಗಿರುವ ಗೆಳೆತನವೇ ಸಭೆಯ ನಿಜವಾದ ನಂಟು. ಅಂಥ ಗೆಳೆತನಕ್ಕೆ ಬಿಡುವಾಗುವಂತೆ ವಾರದ ಕೂಟಗಳಲ್ಲಿ ಒಂದೆರಡನ್ನು ಕಡಿಮೆ ಮಾಡಿರಿ. ವಾರ್ಷಿಕ ವರದಿಯಲ್ಲಿ ಎಷ್ಟು ಜನ ನಮ್ಮ ಕಾರ್ಯಕ್ರಮಕ್ಕೆ ಬಂದರು ಎಂಬುದರ ಜೊತೆಗೆ, ನೆರೆಯವರು ಎಷ್ಟು ಸಲ ನಮ್ಮನ್ನು ಕರೆದರು, ಎಷ್ಟು ಸಲ ನಮ್ಮ ತಪ್ಪನ್ನು ಮುಖಕ್ಕೆ ಹೇಳಿದರು ಎಂಬುದನ್ನೂ ಬರೆಯಿರಿ. ಸಲಿಗೆ ಇಲ್ಲದವರು ತಪ್ಪು ತೋರಿಸುವ ಗೋಜಿಗೆ ಬರುವುದಿಲ್ಲ.

ಸಭಾಪಾಲಕರಿಗೂ ಧರ್ಮಗುರುಗಳಿಗೂ ಕೆಲವು ವರ್ಷಗಳಿಗೊಮ್ಮೆ ವರ್ಗಾವಣೆಯಾಗುತ್ತದೆ. ಆದುದರಿಂದ ಈ ಕೆಲಸದ ಹೊಣೆಯನ್ನು ಊರಿನಲ್ಲೇ ಉಳಿಯುವ ಮೂರು ನಾಲ್ಕು ಸದಸ್ಯರಿಗೆ ವಹಿಸಿರಿ. ಹೊರಡುವ ಪಾಲಕರು ಹೊಸಬರಿಗೆ ಲೆಕ್ಕಪತ್ರ, ಬೀಗದ ಕೈಗಳನ್ನು ಒಪ್ಪಿಸುವ ವಾರದಲ್ಲೇ ಅವರನ್ನು ಗುಡಿಯ ಅರ್ಚಕರ ಮನೆಗೆ, ಮಸೀದಿಯ ಮೌಲ್ವಿಗಳ ಬಳಿಗೆ, ಪಂಚಾಯಿತಿ ಸದಸ್ಯರಲ್ಲಿಗೆ, ಎದುರಿನ ಅಂಗಡಿಗೆ ಕರೆದುಕೊಂಡು ಹೋಗಿ ಪರಿಚಯಿಸಲಿ. ಅಲ್ಲಿ ಕಾಫಿ ಕೊಟ್ಟರೆ ಅವಸರವಿದೆಯೆಂದು ಹೇಳದೆ ಕುಳಿತು ಕುಡಿಯಲಿ.