ಕುಂಬಾರ ಗುಡ್ಡದ ಮೂಗು ಮತ್ತು ಹೆಸರಿಲ್ಲದ ಒಂದು ಹಾಳೆ

ಸಂಗ್ರಹಾಲಯದ ಕಾಗದ ವಿಭಾಗಕ್ಕೆ ಇಂಟರ್ನ್‌ಶಿಪ್‌ಗೆ ಹೋಗುತ್ತೇನೆ ಎಂದಾಗ ಮನೆಯವರು ಅದನ್ನು ಕಡತ ಜೋಡಿಸುವ ಗುಮಾಸ್ತಿಕೆ ಎಂದೇ ತಿಳಿದರು. ಬಳ್ಳಾರಿಯಲ್ಲಿ ಇತಿಹಾಸದ ಎಂ.ಎ. ಓದುತ್ತಿದ್ದ ನನಗೂ ಅವರಿಗಿಂತ ಹೆಚ್ಚೇನೂ ಗೊತ್ತಿರಲಿಲ್ಲ. ಎಣ್ಣೆಬಣ್ಣದ ಚಿತ್ರಗಳು ಗೋಡೆಯ ಮೇಲೆ, ಶಿಲ್ಪಗಳು ಪೀಠದ ಮೇಲೆ ಕುಳಿತು ಮೆರೆಯುತ್ತವೆ. ಜಲವರ್ಣ, ಪೆನ್ಸಿಲ್ ಚಿತ್ರ, ಅಚ್ಚುಚಿತ್ರ, ನಕ್ಷೆ, ಹಳೆಯ ಛಾಯಾಚಿತ್ರಗಳು ಮಾತ್ರ ಪೆಟ್ಟಿಗೆಗಳೊಳಗೆ ಕತ್ತಲಲ್ಲೇ ಬದುಕು ಕಳೆಯುತ್ತವೆ. ಬೆಳಕಿನಿಂದ ಆದ ಹಾನಿಯನ್ನು ಯಾವ ಔಷಧಿಯೂ ಹಿಂದಕ್ಕೆ ತರಲಾರದು, ಅದು ದಿನದಿನಕ್ಕೆ ಕೂಡುತ್ತಲೇ ಹೋಗುತ್ತದೆ. ಅದಕ್ಕಾಗಿ ಇಂಥ ಹಾಳೆಗಳನ್ನು ಪ್ರದರ್ಶನಕ್ಕೆ ಇಟ್ಟರೂ ಸುಮಾರು 50 ಲಕ್ಸ್ ಬೆಳಕಿನಲ್ಲಿ, ಅದೂ ಕೆಲವೇ ತಿಂಗಳು. ನಮ್ಮೂರಿನ ನಡುಹಗಲಿನ ಬಿಸಿಲು ಒಂದು ಲಕ್ಷ ಲಕ್ಸ್ ಮುಟ್ಟುತ್ತದೆ ಎಂದರೆ ಲೆಕ್ಕ ನೀವೇ ಹಾಕಿ.

ಅರ್ಜಿಯ ಜೊತೆ ಒಂದು ಪುಟದ ಸಂಶೋಧನಾ ಪ್ರಸ್ತಾವ ಕೇಳಿದ್ದರು. ಕಂಪನಿ ಸರ್ಕಾರದ ಕಾಲದ ಬ್ರಿಟಿಷ್ ಅಧಿಕಾರಿಗಳು ಬಳ್ಳಾರಿ ಸೀಮೆಯನ್ನು ಹೇಗೆ ಚಿತ್ರಿಸಿದರು ಎಂಬ ವಿಷಯ ಬರೆದು ಕಳಿಸಿದೆ. ಸಂದರ್ಶನದಲ್ಲಿ ಆ ಬಗ್ಗೆ ಹೆಚ್ಚು ಮಾತೇ ಬರಲಿಲ್ಲ. ಹರಿದ ಹಾಳೆಯೊಂದು ಕೈಗೆ ಬಂದರೆ ಏನು ಮಾಡುತ್ತೀರಿ ಎಂದು ಕೇಳಿದರು. ಏನೂ ಮಾಡುವುದಿಲ್ಲ, ಹೇಗಿದೆಯೋ ಹಾಗೆ ಬರೆದುಕೊಂಡು ಸಂಬಂಧಪಟ್ಟವರನ್ನು ಕರೆಯುತ್ತೇನೆ ಎಂದೆ. ಕೆಲಸ ಸಿಕ್ಕಿದ್ದು ಆ ಉತ್ತರಕ್ಕೇ ಎಂದು ಈಗಲೂ ನನ್ನ ನಂಬಿಕೆ. ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಹೋದೆ. ಗೌರವಧನ ಕೋಣೆಯ ಬಾಡಿಗೆಗೆ ಸಾಕಾಗುತ್ತಿತ್ತು, ಊಟದ ಖರ್ಚು ಅಪ್ಪನದು.

ಮೊದಮೊದಲು ಸಂಶೋಧನೆಯ ಮಾತೇ ಇರಲಿಲ್ಲ, ಬರೀ ಕೈ ಪಳಗಿಸುವುದು. ಪೆನ್ನು ಬಾಗಿಲ ಹೊರಗೇ ಬಿಡಬೇಕು, ಒಳಗೆ ಪೆನ್ಸಿಲ್ ಮಾತ್ರ. ಛಾಯಾಚಿತ್ರಕ್ಕೆ ಕೈಗವಸು, ಸಾದಾ ಕಾಗದಕ್ಕೆ ತೊಳೆದು ಚೆನ್ನಾಗಿ ಒರೆಸಿದ ಬರಿಗೈಯೇ ವಾಸಿ, ಏಕೆಂದರೆ ಗವಸು ಹಾಕಿದ ಬೆರಳಿಗೆ ಹಾಳೆಯ ಅಂಚು ಎಲ್ಲಿ ಸೀಳಿದೆ ಎಂಬುದು ತಿಳಿಯುವುದಿಲ್ಲ. ಹಾಳೆಯನ್ನು ಎಂದೂ ಮೂಲೆ ಹಿಡಿದು ಎತ್ತುವಂತಿಲ್ಲ, ಅಡಿಯಲ್ಲಿ ರಟ್ಟು ಕೊಟ್ಟು ರಟ್ಟಿನ ಸಮೇತ ಎತ್ತಬೇಕು. ಮಗುಚಬೇಕಾದರೆ ಮೇಲೊಂದು ರಟ್ಟು ಇಟ್ಟು ಎರಡನ್ನೂ ಸೇರಿಸಿ ತಿರುಗಿಸಬೇಕು. ಅಮ್ಮ ರೊಟ್ಟಿ ಮಗುಚುವಾಗ ತೋರುವ ಧೈರ್ಯ ಇಲ್ಲಿ ನಡೆಯುವುದಿಲ್ಲ. ಅಳತೆ ಮಿಲಿಮೀಟರಿನಲ್ಲಿ, ಎತ್ತರ ಮೊದಲು, ಅಗಲ ಆಮೇಲೆ. ಇದನ್ನೆಲ್ಲ ಬೇಸರವಿಲ್ಲದೆ ಮಾಡುವವರಿಗೆ ಮುಂದಿನ ಕೆಲಸ ತಾನಾಗಿ ಬರುತ್ತದೆ. ಬೇಸರ ಪಡುವವರಿಗೆ ಗ್ರಂಥಾಲಯವಿದೆ.

ನನಗೆ ಕೊಟ್ಟಿದ್ದು ಹಳೆಯ ಆಲ್ಬಮ್ ಒಂದರ ಬಿಡಿ ಹಾಳೆಗಳು. ಬರೆದವರ ಹೆಸರಿಲ್ಲ, ಇಸವಿಯಿಲ್ಲ. ನೋಂದಣಿ ಪುಸ್ತಕದಲ್ಲಿ ಒಂದು ಹಾಳೆಯ ಎದುರು ‘ದಖನ್ನಿನ ಬೆಟ್ಟದ ಕೋಟೆ’ ಎಂದಷ್ಟೇ ಇತ್ತು. ಅಂಥ ವಿವರಣೆಗೆ ಗುತ್ತಿಯೂ ಹೊಂದುತ್ತದೆ, ರಾಯದುರ್ಗವೂ ಪೆನುಕೊಂಡವೂ ಚಿತ್ರದುರ್ಗವೂ ಹೊಂದುತ್ತವೆ. ಬೂದುಬಣ್ಣದ ತೆಳು ಜಲವರ್ಣ, ಅದರಡಿ ಪೆನ್ಸಿಲ್ ಗೆರೆ, ಸುತ್ತ ಮಸಿಯಲ್ಲಿ ಎಳೆದ ಚೌಕಟ್ಟು. ನಡುವೆ ಬೋಳು ಬಂಡೆಯ ಗುಡ್ಡ, ಅದರ ನೆತ್ತಿಯ ಮೇಲೆ ಗೋಡೆ. ಪಕ್ಕದಲ್ಲಿ, ಚಿತ್ರಕಾರ ಅಷ್ಟೇನೂ ಆಸಕ್ತಿ ತೋರಿಸದೆ ಎರಡೇ ಕುಂಚದೆಳೆತದಲ್ಲಿ ಮುಗಿಸಿದ ಇನ್ನೊಂದು ಗುಡ್ಡ. ಆ ಎರಡನೆಯ ಗುಡ್ಡಕ್ಕೆ ಹಣೆಯಿತ್ತು, ಮೂಗಿತ್ತು, ಗಲ್ಲವಿತ್ತು.

ಬಳ್ಳಾರಿಯಲ್ಲಿ ಬೆಳೆದವರಿಗೆ ಕುಂಬಾರ ಗುಡ್ಡವನ್ನು ಯಾರೂ ಪರಿಚಯಿಸಬೇಕಿಲ್ಲ. ಆಗ್ನೇಯ ದಿಕ್ಕಿನಿಂದ ನೋಡಿದರೆ ಅದು ಮನುಷ್ಯನ ಮುಖದ ಹಾಗೆ ಕಾಣುತ್ತದೆ; ಇಂಗ್ಲಿಷರು ಅದನ್ನು ಮುಖದ ಗುಡ್ಡ ಎಂದೇ ಕರೆದರು. ನಾನು ಶಾಲೆಗೆ ಹೋಗುತ್ತಾ ಬರುತ್ತಾ ನೋಡಿದ ಮೂಗು ಅದು. ಕ್ಯುರೇಟರ್ ಮೇಡಂ ಹತ್ತಿರ ಓಡಿಹೋಗಿ ಹೇಳಿದೆ. ಅವರು ಕನ್ನಡಕ ಸರಿಮಾಡಿಕೊಂಡು ಹಾಳೆಯನ್ನು ನೋಡಿದರು.

“ಮೂಗು ಇರುವ ಗುಡ್ಡ ಇದೊಂದೇ ಏನಮ್ಮಾ? ನೀನು ಬಳ್ಳಾರಿಯವಳು, ನಿನಗೆ ಎಲ್ಲ ಗುಡ್ಡವೂ ಬಳ್ಳಾರಿಯಾಗಿ ಕಾಣುತ್ತದೆ. ಕಾಗದ ಏನು ಹೇಳುತ್ತದೆ, ಚಿತ್ರ ಏನು ಹೇಳುತ್ತದೆ, ಜಾಗ ಏನು ಹೇಳುತ್ತದೆ, ಮೂರನ್ನೂ ಬೇರೆಬೇರೆ ಬರೆದು ತಾ. ಒಂದರ ಮಾತನ್ನು ಇನ್ನೊಂದರ ಬಾಯಿಗೆ ಹಾಕಬೇಡ.”

ಕಾಗದದಿಂದ ಶುರುಮಾಡಿದೆ. ಕೋಣೆಯ ದೀಪ ಆರಿಸಿ, ಒಂದೇ ಪಕ್ಕದಿಂದ ಹಾಳೆಯ ಮಟ್ಟದಲ್ಲಿ ಓರೆ ಬೆಳಕು ಬಿಟ್ಟರೆ ಮಡಿಕೆ, ಉಬ್ಬು, ಒರೆಸಿ ಹಾಕಿದ ಪೆನ್ಸಿಲ್ ಗೆರೆಯ ತಗ್ಗು ಎಲ್ಲವೂ ಎದ್ದು ಕಾಣುತ್ತವೆ. ಕೋಟೆಗೋಡೆಯನ್ನು ಚಿತ್ರಕಾರ ಮೊದಲು ಇನ್ನೂ ಕೆಳಗೆ ಎಳೆದು, ಅಳಿಸಿ, ಮೇಲಕ್ಕೆ ಒಯ್ದಿದ್ದ. ಎದುರಿಗೆ ಕೂತು ನೋಡಿ ಬರೆದವನ ತಿದ್ದುಪಡಿ ಹೀಗಿರುವುದು ಸಾಮಾನ್ಯ. ಮತ್ತೊಂದು ಚಿತ್ರವನ್ನು ನಕಲು ಮಾಡುವವನು ಹೀಗೆ ತಡವರಿಸುವುದು ಕಡಿಮೆ. ಸುತ್ತಲಿನ ಚೌಕಟ್ಟಿನ ಗೆರೆ ಕಂದುಬಣ್ಣಕ್ಕೆ ತಿರುಗಿತ್ತು. ಮಾಚಿಕಾಯಿಯ ಒಗರಿಗೆ ಕಬ್ಬಿಣದ ಲವಣ ಬೆರೆಸಿ ಮಾಡುತ್ತಿದ್ದ ಮಸಿ ಅದು. ಬರೆದಾಗ ಕಪ್ಪು, ವರ್ಷಗಳು ಕಳೆದಂತೆ ಕಂದು. ಅದರ ಆಮ್ಲ ಕಾಗದವನ್ನು ತಿನ್ನುತ್ತಾ ಹೋಗುತ್ತದೆ. ಕೆಳಗಿನ ಅಂಚಿನಲ್ಲಿ ಗೆರೆಯ ಉದ್ದಕ್ಕೂ ಹಾಳೆ ಬಿರುಕು ಬಿಟ್ಟಿತ್ತು.

ಆಮೇಲೆ ಅಡಿಯಿಂದ ಬೆಳಕು. ತೆಳುವಾದ ಎಲ್‌ಇಡಿ ಹಲಗೆಯೊಂದನ್ನು ಹಾಳೆಯ ಕೆಳಗೆ ಸರಿಸಿದಾಗ ಮೊದಲು ಕಣ್ಣಿಗೆ ಬಿದ್ದದ್ದು ಏನೂ ಇಲ್ಲದಿರುವಿಕೆ. ಸಾಲಾಗಿ ತಂತಿ ಜೋಡಿಸಿದ ಅಚ್ಚಿನಲ್ಲಿ ತೆಗೆದ ಹಳೆಯ ಕಾಗದದಲ್ಲಿ ಒತ್ತೊತ್ತಾದ ಅಡ್ಡಗೆರೆಗಳು ಕಾಣುತ್ತವೆ. ನಮ್ಮ ದೇಶದ ಕೈಕಾಗದದಲ್ಲಿ ಹುಲ್ಲುಕಡ್ಡಿಯ ಚಾಪೆಯ ಗುರುತು ಇರುತ್ತದೆ. ಇದರಲ್ಲಿ ಎರಡೂ ಇಲ್ಲ, ಎಲ್ಲ ಕಡೆ ಒಂದೇ ನುಣುಪು. ಬಟ್ಟೆಯ ಹಾಗೆ ನೇಯ್ದ ಜಾಲರಿಯ ಮೇಲೆ ತೆಗೆಯುವ ಈ ಬಗೆಯ ಕಾಗದ ಇಂಗ್ಲೆಂಡಿನಲ್ಲಿ 1750ರ ದಶಕದಲ್ಲಿ ಬಂತು. ಜೇಮ್ಸ್ ವಾಟ್‌ಮನ್ ಗಿರಣಿಯದು ಪ್ರಸಿದ್ಧ, ಜಲವರ್ಣ ಬರೆಯುವವರಿಗೆ ಅಚ್ಚುಮೆಚ್ಚು. ಹಾಳೆಯ ಬಲ ಅಂಚಿನಲ್ಲಿ ಆ ಹೆಸರಿನ ಮೊದಲ ಮೂರು ಅಕ್ಷರಗಳು, ಅವುಗಳ ಕೆಳಗೆ 1 ಮತ್ತು 8. ಉಳಿದ ಅಂಕಿಗಳನ್ನು ಯಾರೋ ಆಲ್ಬಮ್ಮಿಗೆ ಹೊಂದಿಸಲು ಕತ್ತರಿಸಿ ಎಸೆದಿದ್ದರು. ಆ ಕತ್ತರಿ ಹಿಡಿದ ಕೈಯನ್ನು ನಾನು ಈವರೆಗೆ ಕ್ಷಮಿಸಿಲ್ಲ.

1794ರಲ್ಲಿ ಇಂಗ್ಲೆಂಡಿನಲ್ಲಿ ಬಂದ ಸುಂಕದ ಕಾನೂನಿನ ಕಾರಣ ಅಲ್ಲಿಯ ಗಿರಣಿಗಳು ವಾಟರ್‌ಮಾರ್ಕ್‌ನಲ್ಲಿ, ಅಂದರೆ ಬೆಳಕಿಗೆ ಹಿಡಿದಾಗ ಕಾಗದದೊಳಗೆ ಕಾಣುವ ಇಂಥ ಗುರುತಿನಲ್ಲಿ, ಇಸವಿ ಹಾಕುವುದು ರೂಢಿಯಾಯಿತು. ಹಾಗೆಂದು ಇಸವಿ ಕಂಡ ಕೂಡಲೇ ಅದೇ ಚಿತ್ರದ ಇಸವಿ ಎನ್ನುವಂತಿಲ್ಲ. ಕಾಗದ ಹಡಗು ಹತ್ತಿ ಮದರಾಸಿಗೆ ಬಂದು, ಅಂಗಡಿಯಲ್ಲಿ ಕೂತು, ಅಧಿಕಾರಿಯ ಪೆಟ್ಟಿಗೆಯಲ್ಲಿ ಎತ್ತಿನಗಾಡಿಯ ಮೇಲೆ ಬಳ್ಳಾರಿ ಸೇರಬೇಕು. ಅಂಕಿ ಹೇಳುವುದು ಇಷ್ಟೇ: ಇದಕ್ಕಿಂತ ಮುಂಚೆ ಅಲ್ಲ. ಮೇಲಾಗಿ ವಾಟ್‌ಮನ್ ಹೆಸರನ್ನು ಯುರೋಪಿನ ಬೇರೆ ಗಿರಣಿಗಳೂ ಕದ್ದು ಹಾಕಿಕೊಳ್ಳುತ್ತಿದ್ದವು. ನಾನು ಬರೆದದ್ದು: 1800ರ ನಂತರದ ಕಾಗದ, ಗಿರಣಿ ಖಚಿತವಿಲ್ಲ.

ಅಡಿಯ ಬೆಳಕು ಇನ್ನೂ ಒಂದು ಕೊಟ್ಟಿತು. ಹಾಳೆಯ ನಾಲ್ಕು ಮೂಲೆಗಳೂ ಆಲ್ಬಮ್ಮಿನ ರಟ್ಟಿಗೆ ಅಂಟಿದ್ದವು, ಹಿಂಬದಿ ನೇರವಾಗಿ ನೋಡಲು ಆಗುತ್ತಿರಲಿಲ್ಲ. ಅಂಟು ಬಿಡಿಸುವುದು ಸಂರಕ್ಷಣಾ ತಜ್ಞರ ಕೆಲಸ, ಇಂಟರ್ನ್ ಮುಟ್ಟುವಂತಿಲ್ಲ, ಮುಟ್ಟಲೂಬಾರದು. ಆದರೆ ಬೆಳಕಿನಲ್ಲಿ ಹಿಂಬದಿಯ ಪೆನ್ಸಿಲ್ ಬರಹ ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾಗಿ ಕಂಡಿತು. ಎರಡೇ ಇಂಗ್ಲಿಷ್ ಅಕ್ಷರ: ಎಸ್, ಇ. ಸೌತ್ ಈಸ್ಟ್, ಅಂದರೆ ಆಗ್ನೇಯ! ನಾನು ಕುಣಿಯುವುದೊಂದು ಬಾಕಿ. ಮೇಡಂ ಮಾತ್ರ, “ಚಿತ್ರಕಾರನ ಹೆಸರಿನ ಮೊದಲಕ್ಷರಗಳೂ ಆಗಬಹುದಲ್ಲ” ಎಂದು ಚಹಾ ಕುಡಿಯಲು ಹೋದರು.

ಇತಿಹಾಸದ ಪುಸ್ತಕಗಳಿಂದ ಸಿಕ್ಕ ಬೆಂಬಲ ಬೇಗ ಹೇಳಿ ಮುಗಿಸುತ್ತೇನೆ. 1792ರಲ್ಲಿ ಟಿಪ್ಪುವಿನಿಂದ ಬಳ್ಳಾರಿ ನಿಜಾಮನಿಗೆ ಹೋಯಿತು, 1800ರಲ್ಲಿ ನಿಜಾಮ ಅದನ್ನು ಕಂಪನಿಗೆ ಬಿಟ್ಟುಕೊಟ್ಟ. ಥಾಮಸ್ ಮನ್ರೋ ಕಲೆಕ್ಟರಾಗಿ ಬಂದ, ದಂಡು ಬಂದು ನೆಲೆಯೂರಿತು. ಬಿಡುವಿದ್ದ, ಕುಂಚ ಹಿಡಿಯಲು ಬಲ್ಲ ಅಧಿಕಾರಿಗಳು ಇಲ್ಲಿ ತಂಗಿದ್ದು ಆ ನಂತರ. ಕಾಗದದ ಮಾತಿಗೆ ಇದು ಒಪ್ಪುತ್ತದೆ, ಆದರೆ ಸಾಬೀತು ಮಾಡುವುದಿಲ್ಲ.

ಜಾಗದ ಮಾತು ಕೇಳಲು ಊರಿಗೆ ಬಂದೆ. ಚಿತ್ರದ ನಕಲನ್ನು ರಟ್ಟಿಗೆ ಹಾಕಿಕೊಂಡು, ಎರಡು ಗುಡ್ಡಗಳ ನಡುವಿನ ಅಂತರ ಚಿತ್ರದಲ್ಲಿ ಇರುವಷ್ಟೇ ಕಾಣುವ ಜಾಗ ಹುಡುಕುತ್ತಾ ಕೋಟೆಯ ಸುತ್ತಮುತ್ತ ಅಲೆದೆ. ಇದರ ಉಪಾಯ ಸರಳ. ನೀವು ಎಡಕ್ಕೆ ನಡೆದರೆ ಹಿಂದಿನ ಗುಡ್ಡ ಮುಂದಿನ ಗುಡ್ಡದ ಮರೆಗೆ ಸರಿಯುತ್ತದೆ ಅಥವಾ ಮರೆಯಿಂದ ಹೊರಬರುತ್ತದೆ. ಎರಡರ ಅಂಚು ಚಿತ್ರದಲ್ಲಿದ್ದಂತೆ ಕೂಡುವ ಸಾಲು ಒಂದೇ ಇರುತ್ತದೆ; ಆ ಸಾಲಿನ ಮೇಲೆ ಹಿಂದೆ ಮುಂದೆ ನಡೆದು ಗಾತ್ರ ಹೊಂದಿಸಬೇಕು. ಮರ, ಮನೆ, ಕೆರೆಯ ಏರಿ ಯಾವುದನ್ನೂ ನಂಬುವಂತಿಲ್ಲ, ಇನ್ನೂರು ವರ್ಷದಲ್ಲಿ ಅವೆಲ್ಲ ಬದಲಾಗಿರುತ್ತವೆ. ಬಂಡೆಯ ಸೀಳು ಬದಲಾಗುವುದಿಲ್ಲ, ಕಲ್ಲು ಒಡೆಯುವವರು ಮುಟ್ಟಿಲ್ಲದಿದ್ದರೆ.

ಸಾಲು ಸಿಕ್ಕಿತು, ಆದರೆ ನೆಲದಿಂದ ಏನೂ ಕಾಣುವುದಿಲ್ಲ, ಎಲ್ಲ ಮನೆಗಳು. ಒಂದು ಮನೆಯ ಜಗುಲಿಯ ಮೇಲೆ ಕೂತಿದ್ದ ಅಜ್ಜಿಯನ್ನು ಮಾಳಿಗೆ ಹತ್ತಲು ಕೇಳಿದೆ. ಯಾವ ಇಲಾಖೆಯವಳು, ಮನೆ ಅಳೆಯಲು ಬಂದಿದ್ದೀಯಾ ಎಂದು ವಿಚಾರಣೆ ನಡೆಯಿತು. ಚಿತ್ರ ತೋರಿಸಿದೆ. ಅಜ್ಜಿ ಅದನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು. “ಇದು ನಮ್ಮ ಗುಡ್ಡವೇ ತಾಯಿ, ಇದಕ್ಕೆ ಓದಬೇಕೇನು? ಹತ್ತು, ಮೇಲೆ ಹಪ್ಪಳ ಒಣಗಿಸಿದ್ದೇನೆ, ತುಳಿಯಬೇಡ.”

ಹಪ್ಪಳದ ಸಾಲು ದಾಟಿ ನಿಂತಾಗ ಮೂಗು, ತುಟಿ, ಗಲ್ಲ ಚಿತ್ರದಲ್ಲಿದ್ದಂತೆಯೇ ಕೋಟೆ ಗುಡ್ಡದ ಭುಜದ ಪಕ್ಕ ಬಂದು ಕೂತವು. ಅದಕ್ಕಿಂತ ಹೆಚ್ಚು ನೆಚ್ಚಿಕೆಯಾದದ್ದು ಕೋಟೆ ಗುಡ್ಡದ ಮೈಮೇಲೆ ಮೇಲಿನಿಂದ ಓರೆಯಾಗಿ ಇಳಿದು ನಡುವೆ ಕವಲೊಡೆಯುವ ಒಂದು ಬಿರುಕು. ಚಿತ್ರದಲ್ಲಿ ಅದನ್ನು ನಾನು ಕಾಗದದ ಮಡಿಕೆ ಎಂದುಕೊಳ್ಳಬಹುದಿತ್ತು, ಆದರೆ ಓರೆ ಬೆಳಕಿನಲ್ಲಿ ಅಲ್ಲಿ ಮಡಿಕೆ ಇಲ್ಲವೆಂದು ಆಗಲೇ ಬರೆದಿಟ್ಟಿದ್ದೆ. ದಿಕ್ಸೂಚಿ ಇಟ್ಟು ನೋಡಿದೆ: ನಾನು ನಿಂತದ್ದು ಕೋಟೆಯ ಆಗ್ನೇಯಕ್ಕೆ.

ವರದಿಯಲ್ಲಿ ಒಂದು ಕಥೆಯನ್ನೂ ಸೇರಿಸಿದ್ದೆ. ಹೈದರಾಲಿ ಫ್ರೆಂಚ್ ಎಂಜಿನಿಯರನಿಂದ ಕೋಟೆಯನ್ನು ಬಲಪಡಿಸಿದ. ಎದುರಿನ ಕುಂಬಾರ ಗುಡ್ಡ ಕೋಟೆಗಿಂತ ಎತ್ತರ, ಅಲ್ಲಿಂದ ಫಿರಂಗಿ ಹಾರಿಸಬಹುದು ಎಂಬುದು ಆಮೇಲೆ ಹೊಳೆದು ಅವನನ್ನು ಗಲ್ಲಿಗೇರಿಸಿದ ಎಂದು ನಮ್ಮಲ್ಲಿ ಎಲ್ಲರೂ ಹೇಳುತ್ತಾರೆ. ಎರಡೂ ಗುಡ್ಡ ಒಂದೇ ಚಿತ್ರದಲ್ಲಿ ಇರುವಾಗ ಬಿಡಲು ಮನಸ್ಸು ಬರಲಿಲ್ಲ. ಮೇಡಂ ಅದನ್ನು ಅಳಿಸಲಿಲ್ಲ, ವಿವರಣೆಯಿಂದ ಎತ್ತಿ ‘ಸ್ಥಳೀಯ ಐತಿಹ್ಯ’ ಎಂಬ ಕಾಲಮಿಗೆ ಹಾಕಿದರು. ಅದು ಸರಿಯಾದ ಜಾಗ. ಚಿತ್ರಕಾರ ಆ ಕಥೆ ಕೇಳಿದ್ದನೆಂದು ಹೇಳಲು ಹಾಳೆಯ ಮೇಲೆ ಏನೂ ಇಲ್ಲ.

ಈಗ ಆ ಹಾಳೆಯ ಶೀರ್ಷಿಕೆ ‘ಬಳ್ಳಾರಿ ಕೋಟೆ ಮತ್ತು ಕುಂಬಾರ ಗುಡ್ಡ, ಆಗ್ನೇಯದಿಂದ’. ಕಾಲ: 1800ರ ನಂತರ. ಕಲಾವಿದ: ಅನಾಮಧೇಯ. ಹಿಂಬದಿಯ ಎರಡಕ್ಷರಕ್ಕೆ ದಿಕ್ಕು ಮತ್ತು ಹೆಸರು ಎಂಬ ಎರಡೂ ಅರ್ಥ ಕೊಟ್ಟು, ಮೊದಲನೆಯದು ಹೆಚ್ಚು ಸಂಭವ ಎಂದು ಬರೆದಿದೆ. ಸಂರಕ್ಷಣಾ ತಜ್ಞರು ಬಿರುಕಿನ ಹಿಂದೆ ತೆಳು ಜಪಾನೀ ಕಾಗದದ ಪಟ್ಟಿ ಕೊಟ್ಟಿದ್ದಾರೆ. ಆಲ್ಬಮ್ಮಿನ ಇನ್ನೊಂದು ಹಾಳೆಯಲ್ಲಿ ಹೊಳೆ, ಗುಂಡುಗಲ್ಲುಗಳು, ಒಂದು ಹರಿಗೋಲು ಇವೆ. ಆನೆಗೊಂದಿ ಇರಬಹುದು ಎನಿಸಿತು, ಬರೆಯಲಿಲ್ಲ. ಆ ಹಾಳೆ ಈಗ ನನ್ನ ನಂತರ ಬಂದ ಕೊಪ್ಪಳದ ಕಡೆಯ ಹುಡುಗನ ಮೇಜಿನ ಮೇಲಿದೆ. ಹೊಳೆ ತುಂಬಿದಾಗ ಕಲ್ಲುಗಳ ಬುಡ ಮುಳುಗಿ ಆಕಾರವೇ ಬೇರೆಯಾಗುತ್ತದೆ, ಬೇಸಿಗೆಯಲ್ಲೊಮ್ಮೆ ಮಳೆಗಾಲದಲ್ಲೊಮ್ಮೆ ಹೋಗಿ ನೋಡು ಎಂದು ಅವನಿಗೆ ಹೇಳಿದ್ದೇನೆ.