ಇಂಗ್ಲಿಷ್ ಪೀರಿಯಡ್‌ನಲ್ಲಿ ಗಟ್ಟಿಯಾಗಿ ಓದಿಸುವುದು ಹೇಗೆ?

6, 7, 8ನೇ ತರಗತಿಗೆ ಇಂಗ್ಲಿಷ್ ಹೇಳಿಕೊಡುವವರಿಗೆ ಒಂದು ಸಲಹೆ. ದಿನಕ್ಕೆ ಹತ್ತು ಪದ ಬರೆಸಿ ಬಾಯಿಪಾಠ ಮಾಡಿಸಬೇಡಿ. ಮೂರು ಸಾಕು, ಅದೂ ಅವತ್ತಿನ ಪಾಠದಿಂದಲೇ. ಪ್ರತಿ ಪದಕ್ಕೂ ಮಕ್ಕಳಿಂದ ಒಂದು ವಾಕ್ಯ ಹೇಳಿಸಿ. ಮರುದಿನ ಮೊದಲು ಹಳೆಯದನ್ನೇ ಕೇಳಿ.

ವ್ಯಾಕರಣಕ್ಕೆ ಐದು ನಿಮಿಷ. ಬೋರ್ಡಿನ ಮೇಲೆ ಒಂದು ತಪ್ಪು ವಾಕ್ಯ ಬರೆಯಿರಿ: ‘ಶೀ ಗೋ ಟು ಸ್ಕೂಲ್ ಎವ್ರಿ ಡೇ.’ ತಿದ್ದುವುದು ಮಕ್ಕಳ ಕೆಲಸ. ಯಾಕೆ ತಪ್ಪು ಅಂತ ಕನ್ನಡದಲ್ಲೇ ಹೇಳಿದರೂ ಪರವಾಗಿಲ್ಲ.

ಜಾಸ್ತಿ ಸಮಯ ಗಟ್ಟಿ ಓದಿಗೆ ಕೊಡಿ. ಒಬ್ಬೊಬ್ಬರನ್ನೇ ನಿಲ್ಲಿಸಿ ಓದಿಸಿದರೆ ಉಳಿದವರು ಕಿಟಕಿ ಆಚೆ ನೋಡುತ್ತಾರೆ, ಅಲ್ವಾ? ಮೊದಲು ನೀವು ಓದಿ. ನೀವು ನಿಲ್ಲಿಸಿದ ಕಡೆಯೆಲ್ಲ ಮಕ್ಕಳು ಪೆನ್ಸಿಲ್‌ನಲ್ಲಿ ಸಣ್ಣ ಗೀಟು ಹಾಕಿಕೊಳ್ಳಲಿ. ಆಮೇಲೆ ಜೋಡಿಯಾಗಿ, ಪಕ್ಕದವರಿಗೆ ಕೇಳುವಷ್ಟು ದನಿಯಲ್ಲಿ ಓದಲಿ. ಗದ್ದಲ ಆಗುತ್ತದೆ, ಆಗಲಿ ಬಿಡಿ. ಮಧ್ಯೆ ತಡೆದು ತಿದ್ದಬೇಡಿ. ತಪ್ಪುಗಳನ್ನು ಸುಮ್ನೆ ಗುರುತು ಮಾಡಿಕೊಂಡು ಕೊನೆಗೆ ಎಲ್ಲರಿಗೂ ಸೇರಿಸಿ ಹೇಳಿ.

ಮುಖ್ಯವಾಗಿ ಭೂತಕಾಲದ ಪದಗಳ ಕೊನೆಗೆ ಕಿವಿ ಕೊಡಿ. ನಮ್ಮ ಮಕ್ಕಳು ಬರೆದಂತೆಯೇ ಓದಿ ‘ವಾಕೆಡ್’ ಅನ್ನುತ್ತಾರೆ. ಅಲ್ಲಿ ಕೇಳಿಸಬೇಕಾದದ್ದು ‘ವಾಕ್ಟ್’. ‘ಪ್ಲೇಡ್’ ಕೊನೆಗೆ ‘ಡ್’. ಟಿ ಅಥವಾ ಡಿ ಸದ್ದಿನಲ್ಲಿ ಮುಗಿಯುವ ಕ್ರಿಯಾಪದಕ್ಕೆ ಮಾತ್ರ ‘ಇಡ್’: ವಾಂಟಿಡ್, ನೀಡಿಡ್. ಬೋರ್ಡಿನಲ್ಲಿ ಮೂರು ಕಾಲಂ ಹಾಕಿ, ಪಾಠದಲ್ಲಿ ಸಿಕ್ಕ ಪದಗಳನ್ನು ಮಕ್ಕಳೇ ಬಾಯಲ್ಲಿ ಹೇಳಿ ನೋಡಿ ಸೇರಿಸಲಿ.