ಬೆಕ್ಕಿನ ಗದ್ದದ ಕಪ್ಪು ಚುಕ್ಕಿಗಳು ಹೋದದ್ದು ನೀರಿನ ಬಟ್ಟಲು ಬದಲಿಸಿದ ಮೇಲೆ

ನಮ್ಮ ಬೆಕ್ಕಿನ ಗದ್ದದಲ್ಲಿ ಕಾಫಿಪುಡಿ ಉದುರಿಸಿದಂತೆ ಕಪ್ಪು ಚುಕ್ಕಿಗಳೆದ್ದಿದ್ದವು. ಒರೆಸಿದರೂ ಹೋಗುತ್ತಿರಲಿಲ್ಲ. ಬಟ್ಟಲಿನ ನೀರನ್ನು ಮೂಸಿ ನೋಡಿ, ಬಚ್ಚಲಿನ ನೀರನ್ನೇ ನೆಕ್ಕುತ್ತಿತ್ತು.

ಆಹಾರ ಬದಲಿಸಿದ್ದರಿಂದ ಗುಣ ಕಾಣಲಿಲ್ಲ. ಕೊಬ್ಬರಿ ಎಣ್ಣೆಯನ್ನಂತೂ ಯಾರೂ ಹಚ್ಚಬೇಡಿ, ಜಿಡ್ಡಿಗೆ ಚರ್ಮದ ರಂಧ್ರಗಳು ಇನ್ನಷ್ಟು ಕಟ್ಟಿಕೊಳ್ಳುತ್ತವೆ. ಹೊಸ ಪ್ಲಾಸ್ಟಿಕ್ ಬಟ್ಟಲಿಗೂ ಬೇಗನೆ ಗೀರು ಬಿತ್ತು. ಆ ಗೀರುಗಳಲ್ಲಿ ಬ್ಯಾಕ್ಟೀರಿಯಾ ಕುಳಿತುಬಿಡುತ್ತದೆ. ಮಣ್ಣಿನ ಬಟ್ಟಲಿನಲ್ಲಿ ನೀರು ತಂಪಾಗಿದ್ದರೂ ಒಳಗೆ ಪಾಚಿ ಹಿಡಿಯಿತು.

ಫಲ ಕೊಟ್ಟದ್ದು ಸ್ಟೇನ್‌ಲೆಸ್ ಸ್ಟೀಲ್ ಬಟ್ಟಲು. ಬಾಯಿ ಸುಮಾರು 15 ಸೆಂ.ಮೀ. ಅಗಲ, ಎತ್ತರ 5 ಸೆಂ.ಮೀ., ಅಡಿಯಲ್ಲಿ ಜಾರದಂತೆ ರಬ್ಬರ್ ಬಳೆ. ಇಷ್ಟು ಅಗಲವಿದ್ದರೆ ಮೀಸೆ ಅಂಚಿಗೆ ತಗಲುವುದಿಲ್ಲ. ಇಂಥವು ಎರಡು ಬೇಕು. ಬೆಳಿಗ್ಗೆ ಬಳಸಿದ್ದನ್ನು ತೆಗೆದು, ಪಾತ್ರೆ ಸೋಪು ಮತ್ತು ಬಿಸಿನೀರಿನಿಂದ ಒಳಗಿನ ಲೋಳೆ ಹೋಗುವವರೆಗೆ ಬೆರಳಿನಿಂದ ಉಜ್ಜಿ, ಸೋಪಿನ ವಾಸನೆ ಉಳಿಯದಂತೆ ತೊಳೆದು ಪೂರ್ತಿ ಒಣಗಿಸುತ್ತೇನೆ. ಬರಿ ನೀರಿನಲ್ಲಿ ಜಾಲಾಡಿಸಿದರೆ ಲೋಳೆ ಹೋಗುವುದಿಲ್ಲ. ಎರಡನೆಯದನ್ನು ಅಂಚಿನವರೆಗೆ ತುಂಬಿಸಿ, ಊಟದ ತಟ್ಟೆಯಿಂದಲೂ ಮಲದ ತಟ್ಟೆಯಿಂದಲೂ ದೂರ, ಗೋಡೆಯ ಪಕ್ಕ ಇಡುತ್ತೇನೆ. ಸಂಜೆ ಮತ್ತೆ ನೀರು ಬದಲಿಸುತ್ತೇನೆ.

ಬಚ್ಚಲಿನ ನೀರು ನೆಕ್ಕುವುದು ಮೊದಲು ನಿಂತಿತು. ಚುಕ್ಕಿಗಳು ಕೆಲವು ವಾರಗಳಲ್ಲಿ ಹೋದವು. ಗದ್ದ ಊದಿದ್ದರೆ ಅಥವಾ ಕೀವು ಬಂದಿದ್ದರೆ ಬಟ್ಟಲು ಬದಲಿಸಿದರಷ್ಟೇ ಸಾಲದು, ಪಶುವೈದ್ಯರಿಗೆ ತೋರಿಸಿ.